ಹಾಸ್ಟೆಲ್ ಹಾಸಿಗೆಯ ಧೂಳು: ಒಂದಿಷ್ಟು ಲೆಕ್ಕ, ಒಂದಿಷ್ಟು ಬಿಸಿಲು

ಬೆಳಿಗ್ಗೆ ಅಲಾರಂ ಹೊಡೆಯೋಕೆ ಮುಂಚೆಯೇ ಸಾಲಾಗಿ ಏಳೆಂಟು ಸೀನು. ಕಣ್ಣು ತುರಿಕೆ, ಮೂಗು ಕಟ್ಟಿರುತ್ತೆ. ತಿಂಡಿ ಮುಗಿಸಿ ಕ್ಲಾಸಿಗೆ ಹೋಗುವಷ್ಟರಲ್ಲಿ ಎಲ್ಲ ಸರಿ. ರಾತ್ರಿ ಹಾಸಿಗೆಗೆ ಬಿದ್ದರೆ ಮತ್ತೆ ಶುರು. ಹಾಸ್ಟೆಲ್ಲಿನ ಪ್ರತಿ ಫ್ಲೋರಿನಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರ್ತಾರೆ. "ಶೀತ ಕಣೋ, ಈ ಊರಿನ ಹವಾ ಒಗ್ಗಲ್ಲ ನಂಗೆ" ಅಂತ ಒಂದು ಸಿಟ್ರಿಜಿನ್ ನುಂಗಿ ಮಲಗ್ತಾರೆ. ಆದರೆ ಶೀತ ಅನ್ನೋದು ಒಂದು ವಾರ, ಹೆಚ್ಚೆಂದರೆ ಹತ್ತು ದಿನದ ಅತಿಥಿ. ಸೆಮಿಸ್ಟರ್ ಪೂರ್ತಿ ಉಳಿದು, ಹಾಸಿಗೆಗೆ ಹತ್ತಿರವಾದಾಗಲೆಲ್ಲ ಜಾಸ್ತಿಯಾಗುತ್ತೆ ಅಂದರೆ ಅನುಮಾನ ಪಡಬೇಕಾದದ್ದು ಹಾಸಿಗೆಯನ್ನ.

ತೆಂಗಿನ ತೋಟ ಇರುವ ಮನೆಯವರಿಗೆ ನುಸಿ ಪೀಡೆ ಗೊತ್ತಿರುತ್ತೆ. ಅದರ ದೂರದ ಸಂಬಂಧಿ ಈ ಧೂಳಿನ ನುಸಿ. ಕೀಟ ಅಲ್ಲ, ಎಂಟು ಕಾಲು, ಜೇಡ, ಉಣ್ಣೆಗಳ ವಂಶ. ಉದ್ದ ಸುಮಾರು 0.3 ಮಿಲಿಮೀಟರ್, ಅದೂ ಅರೆಪಾರದರ್ಶಕ, ಹಾಗಾಗಿ ಕಣ್ಣಿಗೆ ಬೀಳಲ್ಲ. ಕಚ್ಚಲ್ಲ, ರಕ್ತ ಹೀರಲ್ಲ (ಅದು ತಿಗಣೆ, ಅದರ ಕತೆಯೇ ಬೇರೆ). ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ಹತ್ತಿ, ನಾರು, ಫೋಮು ತುಂಬಿದ ಹಾಸಿಗೆ, ದಿಂಬು, ಸೋಫಾ, ಕಾರ್ಪೆಟ್ಟು ಅದರ ಮನೆ. ಮನೆಧೂಳಿನ ಅಲರ್ಜಿಗೂ ಈ ನುಸಿಗೂ ಇರುವ ನಂಟನ್ನ 1960ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ಫೂರ್‌ಹೋರ್ಸ್ಟ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅಲ್ಲಿಯ ತನಕ "ಧೂಳಿನಲ್ಲಿ ಏನೋ ಇದೆ" ಅಂತ ಮಾತ್ರ ಗೊತ್ತಿತ್ತು.

ತೊಂದರೆ ಕೊಡೋದು ಬಹುಮಟ್ಟಿಗೆ ನುಸಿಯ ಹಿಕ್ಕೆ. ಒಂದು ನುಸಿ ದಿನಕ್ಕೆ ಸುಮಾರು ಇಪ್ಪತ್ತು ಹಿಕ್ಕೆ ಹಾಕುತ್ತೆ. ಅದರಲ್ಲಿ ಡೆರ್ ಪಿ 1 ಅನ್ನೋ ಪ್ರೋಟೀನ್ ಇರುತ್ತೆ. ನುಸಿಯ ಹೊಟ್ಟೆಯಲ್ಲಿ ಊಟ ಅರಗಿಸುವ ಕಿಣ್ವ ಅದು. ಪ್ರೋಟೀನನ್ನ ಕತ್ತರಿಸೋದೇ ಅದರ ಕಸುಬು. ನಮ್ಮ ಮೂಗಿನ, ಶ್ವಾಸನಾಳದ ಒಳಪದರಕ್ಕೆ ಬಿದ್ದರೂ ತನ್ನ ಕಸುಬು ಬಿಡಲ್ಲ. ಜೀವಕೋಶಗಳ ನಡುವಿನ ಬೆಸುಗೆಯನ್ನೇ ಕತ್ತರಿಸಿ ಒಳಗೆ ನುಗ್ಗುತ್ತೆ. ಅಲರ್ಜಿ ಇರುವವರ ದೇಹ ಇದನ್ನ ಶತ್ರು ಅಂತ ತಿಳಿದು ಹಿಸ್ಟಮೀನ್ ಬಿಡುಗಡೆ ಮಾಡುತ್ತೆ. ಸೀನು, ನೀರು, ತುರಿಕೆ ಎಲ್ಲ ಅದರ ಫಲ. ಸಿಟ್ರಿಜಿನ್ ಹಿಸ್ಟಮೀನಿನ ಬಾಗಿಲಿಗೆ ಅಡ್ಡ ನಿಲ್ಲುತ್ತೆ ಅಷ್ಟೇ, ದಿಂಬಿನಲ್ಲಿರೋದು ದಿಂಬಿನಲ್ಲೇ ಇರುತ್ತೆ.

ಈಗ ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸ್ ತೆಗೀರಿ. ಈ ಹಿಕ್ಕೆಯ ಕಣದ ಗಾತ್ರ ಸುಮಾರು 20 ಮೈಕ್ರೋಮೀಟರ್. ನಿಂತ ಗಾಳಿಯಲ್ಲಿ ಅದು ಎಷ್ಟು ವೇಗವಾಗಿ ಬೀಳುತ್ತೆ? ಸ್ಟೋಕ್ಸ್ ನಿಯಮ ಹಾಕಿ. ಸಾಂದ್ರತೆ ನೀರಿನಷ್ಟು ಅಂದುಕೊಳ್ಳೋಣ, ಗಾಳಿಯ ಸ್ನಿಗ್ಧತೆ ಗೊತ್ತೇ ಇದೆ. ಉತ್ತರ ಸೆಕೆಂಡಿಗೆ ಸುಮಾರು 1.2 ಸೆಂಟಿಮೀಟರ್. ಒಂದೂವರೆ ಮೀಟರ್ ಎತ್ತರದಿಂದ ಎರಡು ನಿಮಿಷದಲ್ಲಿ ನೆಲ ಸೇರುತ್ತೆ. ಅಂದರೆ ಯಾರೂ ಅಲ್ಲಾಡಿಸದ ರೂಮಿನ ಗಾಳಿಯಲ್ಲಿ ಈ ಅಲರ್ಜಿಕಾರಕ ಹೆಚ್ಚೇನೂ ಇರಲ್ಲ. ಆದರೆ ದಿಂಬಿನ ಮೇಲೆ ಮುಖ ಇಟ್ಟು ಮಗ್ಗುಲು ಬದಲಿಸಿದಾಗ, ಬೆಡ್‌ಶೀಟ್ ಕೊಡವಿದಾಗ ಏಳುತ್ತೆ. ಅಷ್ಟು ಹೊತ್ತಿಗೆ ನಿಮ್ಮ ಮೂಗು ಅಲ್ಲೇ, ಎರಡು ಇಂಚು ದೂರದಲ್ಲಿರುತ್ತೆ. ಗಾಳಿ ಶುದ್ಧೀಕರಿಸುವ ಯಂತ್ರ ಕೊಂಡವರಿಗೆ ನುಸಿ ಅಲರ್ಜಿ ಅಷ್ಟಾಗಿ ಕಡಿಮೆಯಾಗದ್ದಕ್ಕೆ ಕಾರಣ ಇದೇ. ಯಂತ್ರ ಮೂಲೆಯಲ್ಲಿ, ಕಣ ಕೆನ್ನೆಯ ಕೆಳಗೆ. ಬೆಕ್ಕಿನ ಅಲರ್ಜಿ ಹಾಗಲ್ಲ. ಅದರ ಕಣಗಳಲ್ಲಿ ಎಷ್ಟೋ 2 ಮೈಕ್ರೋಮೀಟರ್ ಆಸುಪಾಸಿನವು. ವ್ಯಾಸ ಹತ್ತನೇ ಒಂದು ಪಾಲಾದರೆ ವೇಗ ನೂರನೇ ಒಂದು ಪಾಲು, ಅದೇ ಎತ್ತರದಿಂದ ಇಳಿಯೋಕೆ ಮೂರೂವರೆ ಗಂಟೆ. ಅಲ್ಲಿ ಯಂತ್ರಕ್ಕೆ ಕೆಲಸ ಇದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ: ನುಸಿಯನ್ನ ಕೊಲ್ಲೋದು ಒಂದು ಕೆಲಸ, ಅದು ಬಿಟ್ಟುಹೋದ ಪ್ರೋಟೀನನ್ನ ತೆಗೆಯೋದು ಇನ್ನೊಂದು ಕೆಲಸ. ಮಾರ್ಕೆಟ್ಟಿನಲ್ಲಿ ಸಿಗುವ ಅರ್ಧಕ್ಕರ್ಧ ಪದಾರ್ಥಗಳು ಇವೆರಡನ್ನ ಕಲಸಿಬಿಟ್ಟಿರ್ತಾವೆ. ಸತ್ತ ನುಸಿಯ ಹಿಕ್ಕೆಯೂ ಸೀನು ತರಿಸುತ್ತೆ.

ಬಟ್ಟೆಯಿಂದಲೇ ಶುರು ಮಾಡೋಣ, ಅದೇ ಸುಲಭ. ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆಗಳನ್ನ ತಣ್ಣೀರಲ್ಲಿ ಒಗೆದರೂ ಅಲರ್ಜಿಕಾರಕ ಪ್ರೋಟೀನ್ ಬಹುಪಾಲು ನೀರಲ್ಲಿ ಕರಗಿ ಹೋಗುತ್ತೆ, ಆದರೆ ನುಸಿ ಸಾಯಲ್ಲ. ನಾರಿಗೆ ಕಚ್ಚಿಕೊಂಡು ಉಳಿಯುತ್ತೆ. 55ರಿಂದ 60 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಒಗೆದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತೆ. ವಾಷಿಂಗ್ ಮೆಷಿನ್ನಿನಲ್ಲಿ 60ರ ಸೆಟ್ಟಿಂಗ್ ಇದ್ದರೆ ವಾರಕ್ಕೊಮ್ಮೆ ಅದನ್ನ ಬಳಸಿ. ಇಲ್ಲದಿದ್ದರೆ ತಣ್ಣೀರಲ್ಲೇ ಒಗೆದು, ಒಣಗಿದ ಮೇಲೆ ಇಸ್ತ್ರಿ ಹಾಕಿ. ಇಸ್ತ್ರಿಯ ಬಿಸಿಗೆ ನುಸಿ ಬದುಕಲ್ಲ. ಒಗೆಯೋಕಾಗದ ಚಿಕ್ಕ ವಸ್ತು, ಟೆಡ್ಡಿ ಬೇರ್ ಥರದ್ದು ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಡೀಪ್ ಫ್ರೀಜರಿನಲ್ಲಿಟ್ಟು, ಆಮೇಲೆ ತಣ್ಣೀರಲ್ಲಿ ಅದ್ದಿ ತೆಗೀರಿ. ಮನೆಗೆ ಹೋದಾಗ ಮಾಡಿ, ಮೆಸ್ಸಿನ ಫ್ರೀಜರಿಗೆ ಕೈ ಹಾಕಬೇಡಿ.

ಇನ್ನು ಹಾಸಿಗೆ. ನಮ್ಮ ಅಜ್ಜಿಯರು ಬೇಸಿಗೆಯಲ್ಲಿ ಹತ್ತಿ ಹಾಸಿಗೆ, ಬೂರುಗದ ದಿಂಬು, ಕಂಬಳಿ ಎಲ್ಲ ತಾರಸಿಗೆ ಹೊತ್ತು ಹಾಕಿಸ್ತಿದ್ದರಲ್ಲ, ಅದಕ್ಕೆ ಗಟ್ಟಿ ಆಧಾರ ಇದೆ. ನುಸಿಗೆ ಬಾಯಲ್ಲಿ ನೀರು ಕುಡಿದು ಗೊತ್ತಿಲ್ಲ. ಗಾಳಿಯಲ್ಲಿನ ತೇವವನ್ನ ಮೈಯಿಂದಲೇ ಹೀರಿಕೊಂಡು ಬದುಕುತ್ತೆ. ಸಾಪೇಕ್ಷ ಆರ್ದ್ರತೆ 50 ಶೇಕಡಾಕ್ಕಿಂತ ಕೆಳಗೆ ಬಹಳ ದಿನ ಉಳಿದರೆ ಒಣಗಿ ಸಾಯುತ್ತೆ. ಬಿಸಿಲಿಗೆ ಹಾಕಿದಾಗ ಶಾಖ ಏರುತ್ತೆ, ಬಟ್ಟೆಯೊಳಗಿನ ಆರ್ದ್ರತೆ ಇಳಿಯುತ್ತೆ, ಎರಡೂ ಕಡೆಯಿಂದ ಹೊಡೆತ. 1994ರಲ್ಲಿ ಆಸ್ಟ್ರೇಲಿಯಾದ ಟೋವಿ ಮತ್ತು ವೂಲ್‌ಕಾಕ್ ಕಾರ್ಪೆಟ್ಟುಗಳನ್ನ ನೇರ ಬಿಸಿಲಿಗೆ ಹಾಕಿ ನೋಡಿ, ಅದರಲ್ಲಿದ್ದ ನುಸಿಗಳೆಲ್ಲ ಸತ್ತಿದ್ದನ್ನ ಪ್ರಕಟಿಸಿದರು. ದಪ್ಪ ಹಾಸಿಗೆ ಕಾರ್ಪೆಟ್ಟಿನಷ್ಟು ಸುಲಭ ಅಲ್ಲ. ಹತ್ತಿಯೂ ಫೋಮೂ ಒಳ್ಳೆ ಉಷ್ಣ ನಿರೋಧಕಗಳು, ನಡುವಿನ ತನಕ ಬಿಸಿ ಮುಟ್ಟೋಕೆ ಗಂಟೆಗಟ್ಟಲೆ ಬೇಕು. ಬೆಳಿಗ್ಗೆ ಹತ್ತಕ್ಕೆ ಹಾಕಿ, ಮಧ್ಯಾಹ್ನ ಮಗುಚಿ, ನಾಲ್ಕಕ್ಕೆ ತೆಗೀರಿ. ಫೋಮ್ ಹಾಸಿಗೆಯಾದರೆ ಮೇಲೊಂದು ಕಪ್ಪು ಬಟ್ಟೆ ಹೊದಿಸಿ, ಯಾಕಂದರೆ ನೇರಳಾತೀತ ಕಿರಣಕ್ಕೆ ಫೋಮು ಹಳದಿಯಾಗಿ ಪುಡಿಪುಡಿಯಾಗುತ್ತೆ. ಕಪ್ಪು ಬಟ್ಟೆ ಕಿರಣ ತಡೆದು ಶಾಖವನ್ನೂ ಚೆನ್ನಾಗಿ ಹೀರುತ್ತೆ.

ಬಿಸಿಲು ಕೊಂದಿತು, ತೆಗೆಯಲಿಲ್ಲ. ಅದಕ್ಕೇ ಅಜ್ಜಿಯ ಕೋಲು. ಒಣಗಿದ ಮೇಲೆ ತಾರಸಿಯಲ್ಲೇ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಚೆನ್ನಾಗಿ ಬಡೀರಿ. ಅಲರ್ಜಿ ಇರುವವರು ಈ ಕೆಲಸ ಮಾಡಬಾರದು, ರೂಮ್‌ಮೇಟಿಗೆ ಒಂದು ಟೀ ಕೊಡಿಸಿ ಮಾಡಿಸಿ. ಕೊರೊನಾ ಕಾಲದ ಎನ್95 ಮಾಸ್ಕ್ ಉಳಿದಿದ್ದರೆ ಹಾಕ್ಕೊಳ್ಳಲಿ. 20 ಮೈಕ್ರೋಮೀಟರ್ ಕಣ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಬಿಸಿಲು ಸಿಗದ ಕಡೆ, ಅಥವಾ ಮೇಲೆತ್ತಲಾಗದ ಹಾಸಿಗೆಗೆ ಇನ್ನೊಂದು ದಾರಿ ಬಿಗಿ ನೇಯ್ಗೆಯ ಜಿಪ್ ಕವರ್. ನುಸಿ ಕೆಲವು ನೂರು ಮೈಕ್ರೋಮೀಟರ್, ಹಿಕ್ಕೆ 10ರಿಂದ 40. ಬಟ್ಟೆಯ ರಂಧ್ರ 10ಕ್ಕಿಂತ ಕಡಿಮೆ ಇದ್ದರೆ ಎರಡೂ ಒಳಗೇ ಬಂದಿ. ಆರು ಬದಿಯೂ ಮುಚ್ಚಬೇಕು, ದಿಂಬಿಗೂ ಹಾಕಬೇಕು.

ಸೋಫಾ, ಕಾರ್ಪೆಟ್ಟಿನ ವಿಷಯ ಬಂದರೆ ವ್ಯಾಕ್ಯೂಮ್ ಕ್ಲೀನರ್. ಸಾಧಾರಣ ಯಂತ್ರದ ಚೀಲ ದೊಡ್ಡ ಕಸ ಹಿಡಿದು ಸಣ್ಣ ಕಣಗಳನ್ನ ಹಿಂದಿನಿಂದ ಗಾಳಿಗೆ ಉಗುಳುತ್ತೆ. ಹೆಪಾ ಫಿಲ್ಟರ್ ಇರುವುದು ಬೇಕು ಅನ್ನೋದು ಅದಕ್ಕೆ. ಹೆಪಾ ಅಂದರೆ 0.3 ಮೈಕ್ರೋಮೀಟರ್ ಕಣಗಳಲ್ಲಿ 99.97 ಶೇಕಡಾ ಹಿಡಿಯಬೇಕು. 0.3 ಯಾಕೆ? ಅದಕ್ಕಿಂತ ದೊಡ್ಡ ಕಣ ಜಡತ್ವದಿಂದ ನಾರಿಗೆ ಡಿಕ್ಕಿ ಹೊಡೆಯುತ್ತೆ, ಚಿಕ್ಕದು ಬ್ರೌನಿಯನ್ ಚಲನೆಯಿಂದ ಅಡ್ಡಾದಿಡ್ಡಿ ಓಡಾಡಿ ತಗುಲಿಕೊಳ್ಳುತ್ತೆ. ನಡುವಿನದ್ದೇ ತಪ್ಪಿಸಿಕೊಳ್ಳೋದು. ಪರೀಕ್ಷೆ ಇಡೋದು ಅತಿ ಕಷ್ಟದ ಗಾತ್ರಕ್ಕೆ. ಆದರೂ ವ್ಯಾಕ್ಯೂಮ್ ಜೀವಂತ ನುಸಿಯನ್ನ ಹೆಚ್ಚು ಎಳೆಯಲ್ಲ, ಅದು ಕಾರ್ಪೆಟ್ಟಿನ ಬುಡದಲ್ಲಿ ಗಟ್ಟಿಯಾಗಿ ಹಿಡಿದು ಕೂತಿರುತ್ತೆ. ಹಬೆಯ ಯಂತ್ರ ಕೊಲ್ಲುತ್ತೆ, ಆದರೆ ತೇವ ಬಿಡುತ್ತೆ. ಒಂದೆರಡು ದಿನದೊಳಗೆ ಪೂರ್ತಿ ಒಣಗದಿದ್ದರೆ ಬೂಷ್ಟು ಬಂತು ಅಂತಲೇ ಲೆಕ್ಕ. ನನ್ನ ಕೇಳಿದರೆ ನಮ್ಮ ಹವೆಗೆ ಗೋಡೆಯಿಂದ ಗೋಡೆಗೆ ಅಂಟಿಸುವ ಕಾರ್ಪೆಟ್ಟೇ ಬೇಡ. ನವಲಗುಂದದ ಜಮಖಾನ ನೋಡಿ: ಹತ್ತಿಯದು, ಚಪ್ಪಟೆ ನೇಯ್ಗೆ, ಜೂಲು ಇಲ್ಲ. ಒಗೆದು, ಕೊಡವಿ, ತಂತಿಗೆ ಹಾಕಿದರೆ ಮುಗೀತು.

ಈಗ ಬ್ಯಾಕ್ಟೀರಿಯಾ. "99.9 ಶೇಕಡಾ ಕೊಲ್ಲುತ್ತೆ" ಅನ್ನೋ ಸ್ಪ್ರೇಗಳನ್ನ ಸೋಫಾಗೆ ಹೊಡೆಯುವವರಿದ್ದಾರೆ. 99.9 ಅಂದರೆ ಸಾವಿರಕ್ಕೆ ಒಂದು ಉಳಿಯುತ್ತೆ. ಹತ್ತು ಲಕ್ಷ ಇದ್ದಲ್ಲಿ ಸಾವಿರ. ತೇವ, ಆಹಾರ ಎರಡೂ ಸಿಕ್ಕಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಹತ್ತು ಇಮ್ಮಡಿಗೆ, ಅಂದರೆ ಐದು ಗಂಟೆಗೆ, ಮತ್ತೆ ಹತ್ತು ಲಕ್ಷ. ಒಣ ಬಟ್ಟೆಯಲ್ಲಿ ಹೀಗೆ ಬೆಳೆಯೋಕಾಗಲ್ಲ. ಹಾಗಾಗಿ ಸ್ಪ್ರೇಗಿಂತ ಒಣಗಿಸೋದು ಮೇಲು. ಸ್ಪ್ರೇ ಬಳಸಲೇಬೇಕಾದರೆ (ಯಾರೋ ವಾಂತಿ ಮಾಡಿದ್ದಾರೆ ಅನ್ನಿ) ಮೊದಲು ಸೋಪುನೀರಲ್ಲಿ ಕೊಳೆ ತೆಗೀರಿ, ಕೊಳೆ ಇದ್ದರೆ ರಾಸಾಯನಿಕ ಅದರ ಮೇಲೇ ಖರ್ಚಾಗುತ್ತೆ. ಲೇಬಲ್ಲಿನಲ್ಲಿ ಹೇಳಿದಷ್ಟು ನಿಮಿಷ ಒದ್ದೆಯಾಗೇ ಇರಬೇಕು, ಹೊಡೆದ ಕೂಡಲೇ ಒರೆಸಿದರೆ ದುಡ್ಡು ದಂಡ. ಬ್ಲೀಚನ್ನ ಕಂಬಳಿಗೆ, ಯಾವುದೇ ಉಣ್ಣೆಗೆ ಮುಟ್ಟಿಸಬೇಡಿ. ಉಣ್ಣೆ ಪ್ರೋಟೀನ್, ಕರಗಿಹೋಗುತ್ತೆ. ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಆಲ್ಕೋಹಾಲ್ ಸ್ಪ್ರೇ ಹತ್ತಿರ ಬೆಂಕಿ, ಇಂಡಕ್ಷನ್ ಒಲೆ ಇರಬಾರದು (ಇಂಡಕ್ಷನ್ ಒಲೆ ಹಾಸ್ಟೆಲ್ಲಲ್ಲಿ ಇಲ್ಲವೇ ಇಲ್ಲ ಅಂತ ವಾರ್ಡನ್ನಿಗೆ ಗೊತ್ತು ಬಿಡಿ). ಇದೆಲ್ಲ ಮಾಡಿದರೂ ಡೆರ್ ಪಿ 1 ಅಲ್ಲೇ ಇರುತ್ತೆ ಅನ್ನೋದು ಮರೀಬೇಡಿ. ಸೀನಿಗೆ ಸ್ಯಾನಿಟೈಸರ್ ಮದ್ದಲ್ಲ.

ಮಳೆಗಾಲದ್ದೊಂದು ಲೆಕ್ಕ. ರೂಮು ಮೂರು ಮೀಟರ್ ಅಗಲ, ನಾಲ್ಕು ಉದ್ದ, ಮೂರು ಎತ್ತರ, ಒಟ್ಟು 36 ಘನ ಮೀಟರ್. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿಯುತ್ತೆ. ಇಡೀ ರೂಮಿನ ಸಾಮರ್ಥ್ಯ 830 ಗ್ರಾಂ ಆಸುಪಾಸು. ಒಂದು ಬಕೆಟ್ ಬಟ್ಟೆ ಹಿಂಡಿ ಒಳಗೆ ಹಗ್ಗಕ್ಕೆ ಹಾಕಿದರೆ ಅದರಲ್ಲಿ ಒಂದು ಲೀಟರ್ ನೀರಂತೂ ಇರುತ್ತೆ. ಕಿಟಕಿ ಮುಚ್ಚಿದ್ದರೆ ಆ ನೀರು ಹೋಗೋದೆಲ್ಲಿಗೆ? ಗೋಡೆಗೆ, ಪುಸ್ತಕಕ್ಕೆ, ಹಾಸಿಗೆಗೆ. ಕರಾವಳಿ, ಮಲೆನಾಡಿನ ಕಾಲೇಜುಗಳಲ್ಲಿ ಹೊರಗಿನ ಗಾಳಿಯೇ ಜುಲೈನಲ್ಲಿ ತೊಯ್ದಿರುತ್ತೆ; ಅಲ್ಲಿ ನುಸಿಗೆ ಹಬ್ಬ. ಬಳ್ಳಾರಿ, ಕಲಬುರಗಿಯ ಏಪ್ರಿಲ್ಲಿನಲ್ಲಿ ಅದಕ್ಕೆ ಉಪವಾಸ. ಬಟ್ಟೆ ಕಾರಿಡಾರಿನಲ್ಲಿ ಒಣಗಿಸಿ. ಎದ್ದ ತಕ್ಷಣ ಹೊದಿಕೆ ಎಳೆದು ಹಾಸಿಗೆ ಮುಚ್ಚಬೇಡಿ, ರಾತ್ರಿಯ ಬೆವರು ಆರೋಕೆ ಒಂದು ಗಂಟೆ ಬಿಡಿ. ಹಾಸಿಗೆ ಸರಿ ಮಾಡದವರಿಗೆ ಇದೊಂದು ಒಳ್ಳೆ ನೆಪ.

ಇಷ್ಟೆಲ್ಲ ಮಾಡಿದರೆ ಅಸ್ತಮಾ ಹೋಗುತ್ತಾ? ಪ್ರಾಮಾಣಿಕವಾಗಿ ಹೇಳಬೇಕಂದರೆ, ಪುರಾವೆ ಎರಡೂ ಕಡೆ ಇದೆ. ನುಸಿ ನಿಯಂತ್ರಣದ ಬಗ್ಗೆ ನಡೆದ ಹಲವು ಪ್ರಯೋಗಗಳನ್ನ ಒಟ್ಟುಗೂಡಿಸಿ ನೋಡಿದ 2008ರ ಕಾಕ್ರೇನ್ ವಿಮರ್ಶೆಗೆ ಅಸ್ತಮಾದಲ್ಲಿ ಲಾಭ ಕಾಣಲಿಲ್ಲ. ಅದಕ್ಕೂ ಮುಂಚೆ, 2004ರಲ್ಲಿ, ಅಮೆರಿಕದ ಏಳು ನಗರಗಳ 937 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಕವರ್, ಹೆಪಾ ವ್ಯಾಕ್ಯೂಮ್, ಜಿರಲೆ ನಿಯಂತ್ರಣ, ಹೊಗೆಯಿಂದ ದೂರ ಇಡೋದು ಇವನ್ನೆಲ್ಲ ಪ್ರತಿ ಮಗುವಿನ ಅಲರ್ಜಿಗೆ ತಕ್ಕಂತೆ ಒಟ್ಟಿಗೆ ಮಾಡಿದಾಗ ಉಬ್ಬಸದ ದಿನಗಳು ಕಡಿಮೆಯಾದವು. ಇದರಿಂದ ನನಗನ್ನಿಸೋದು: ಒಂದು ಕವರ್ ಕೊಂಡು ಕೈ ಕಟ್ಟಿ ಕೂತರೆ ಏನೂ ಆಗಲ್ಲ, ನುಸಿ ಅಲರ್ಜಿಯೇ ಇಲ್ಲದವರು ಎಷ್ಟು ಒಗೆದರೂ ಪ್ರಯೋಜನ ಇಲ್ಲ. ಯಾವುದಕ್ಕೆ ಅಲರ್ಜಿ ಅಂತ ತಿಳಿಯೋಕೆ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದೆ, ಅರ್ಧ ಗಂಟೆಯ ಕೆಲಸ. ರಾತ್ರಿ ಎದೆಯಲ್ಲಿ ಸುಂಯ್ ಅನ್ನುವ ಸದ್ದು, ಕೆಮ್ಮಿ ಕೆಮ್ಮಿ ಎಚ್ಚರ, ಮೆಟ್ಟಿಲು ಹತ್ತುವಾಗ ಉಸಿರು ಸಾಲದು ಅನ್ನೋದು ಇದ್ದರೆ ಹಾಸಿಗೆ ಒಣಗಿಸುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಇನ್ಹೇಲರ್ ಕೊಟ್ಟಿದ್ದರೆ "ಅಭ್ಯಾಸ ಆಗಿಬಿಡುತ್ತೆ" ಅಂತ ಯಾರೋ ಹೇಳಿದ ಮಾತಿಗೆ ನಿಲ್ಲಿಸಬೇಡಿ. ನಿಮ್ಮ ರೂಮ್‌ಮೇಟ್ ಅಂಥವರಾದರೆ ಅವರ ಇನ್ಹೇಲರ್ ಯಾವ ಡ್ರಾಯರಿನಲ್ಲಿದೆ ಅನ್ನೋದು ನಿಮಗೂ ಗೊತ್ತಿರಲಿ.

ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋ ಇಸಿ, ಸಿಎಸ್‌ನವರಿಗೆ ಒಂದು ಕೆಲಸ. ಲ್ಯಾಬಿನಲ್ಲಿ ಬಿದ್ದಿರುವ ಡಿಎಚ್‌ಟಿ 11 ಸೆನ್ಸರಿಗೆ ಆರ್ದ್ರತೆಯಲ್ಲಿ ಐದು ಶೇಕಡಾ ಆಚೀಚೆ ಇದೆ, 22 ಸಿಕ್ಕಿದರೆ ಇನ್ನೂ ವಾಸಿ. ಎರಡು ಸೆನ್ಸರ್ ತಗೊಳ್ಳಿ, ಒಂದು ಬೆಡ್‌ಶೀಟಿನ ಕೆಳಗೆ, ಇನ್ನೊಂದು ಮೇಜಿನ ಮೇಲೆ. ಹತ್ತು ನಿಮಿಷಕ್ಕೊಮ್ಮೆ ದಾಖಲಿಸಿ, ಒಂದು ವಾರ. ಅದರಲ್ಲಿ ಮೂರು ದಿನ ಎದ್ದ ಕೂಡಲೇ ಹೊದಿಕೆ ಮುಚ್ಚಿ, ಉಳಿದ ದಿನ ತೆರೆದಿಡಿ. ಗ್ರಾಫ್ ಬಂದ ಮೇಲೆ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.