ಆನೆಯನ್ನು ಮುಟ್ಟಲೇಬೇಕೆ, ನೋಡಿದರೆ ಸಾಲದೆ?

ಪ್ರಶ್ನೆ: ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ. ಮಕ್ಕಳು ನಮ್ಮಿಬ್ಬರನ್ನು ಕಾಡಿನ ನಡುವಿನ ಐಷಾರಾಮಿ ರೆಸಾರ್ಟೊಂದಕ್ಕೆ ಕಳಿಸಲು ಹೊರಟಿದ್ದಾರೆ. ಅಲ್ಲಿ ಆನೆಗೆ ಸ್ನಾನ ಮಾಡಿಸಬಹುದಂತೆ, ಕೈಯಾರೆ ತಿನ್ನಿಸಬಹುದಂತೆ. ‘ಆನೆಗಳಿಗೆ ಹಿಂಸೆಯಿಲ್ಲ, ಎಲ್ಲವೂ ಎಥಿಕಲ್’ ಎಂದು ಜಾಹೀರಾತಿನಲ್ಲಿದೆ. ಇದನ್ನು ನಂಬಬಹುದೆ? ಅಂಥ ಜಾಗ ನಮ್ಮ ರಾಜ್ಯದಲ್ಲೂ ಇದೆಯೆ?
– ಬಸವನಗುಡಿಯ ಓದುಗರು

ಉತ್ತರ: ಆನೆ ನಿಮ್ಮಿಂದ ಎಷ್ಟು ದೂರದಲ್ಲಿರಬೇಕು ಎಂಬುದನ್ನು ಆನೆಯೇ ತೀರ್ಮಾನಿಸುವ ಜಾಗಕ್ಕೆ ಹೋಗಿ. ಅದನ್ನು ರೆಸಾರ್ಟಿನ ವೇಳಾಪಟ್ಟಿ ತೀರ್ಮಾನಿಸುತ್ತದೆ ಎಂದಾದರೆ, ಜಾಹೀರಾತಿನಲ್ಲಿ ಏನೇ ಬರೆದಿರಲಿ, ಹೋಗಬೇಡಿ. ನಮ್ಮ ರಾಜ್ಯದಲ್ಲಿ ಇಂಥ ಜಾಗ ಖಂಡಿತ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರು ಅಂಥದ್ದು. ಅಲ್ಲಿ ಯಾರೂ ನಿಮ್ಮ ಕೈಗೆ ಬಾಳೆಹಣ್ಣು ಕೊಟ್ಟು ಆನೆಯ ಮುಂದೆ ನಿಲ್ಲಿಸುವುದಿಲ್ಲ.

ಮುಟ್ಟುವ ಆಸೆ ಎಲ್ಲಿಂದ ಬರುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳ ಎದುರು ಆನೆ ಬಂದು ನಿಲ್ಲುತ್ತಿದ್ದ ಕಾಲವೊಂದಿತ್ತು. ಜ್ವರಕ್ಕೆ, ಹೆದರಿಕೆಗೆ ಒಳ್ಳೆಯದೆಂದು ಮಕ್ಕಳನ್ನು ಅದರ ಹೊಟ್ಟೆಯ ಕೆಳಗೆ ದಾಟಿಸುತ್ತಿದ್ದರು, ಸೊಂಡಿಲಿಗೆ ನಾಣ್ಯ ಇಟ್ಟು ತಲೆಯ ಮೇಲೆ ಆಶೀರ್ವಾದ ಪಡೆಯುತ್ತಿದ್ದರು. ಆ ಆನೆ ಬಿಸಿಲಿನಲ್ಲಿ ಕಾದ ಡಾಂಬರಿನ ಮೇಲೆ ನಡೆದು ಬಂದಿದೆ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಆನೆಯ ಅಂಗಾಲು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಕೊಬ್ಬಿನ ಮೆತ್ತೆ ಇರುತ್ತದೆ. ಮಣ್ಣು, ಹುಲ್ಲು, ಕೆಸರಿನಲ್ಲಿ ಸುತ್ತಾಡಲು ಆದ ಕಾಲು ಅದು. ಗಟ್ಟಿ ನೆಲದಲ್ಲಿ ವರ್ಷಗಟ್ಟಲೆ ನಿಂತ ಸಾಕಾನೆಗಳಿಗೆ ಅಂಗಾಲು ಬಿರಿಯುವುದು, ಉಗುರಿನ ಬುಡ ಕೀವಾಗುವುದು ಮಾಮೂಲಿ. ನೀವು ಯಾವ ಶಿಬಿರಕ್ಕೆ ಹೋದರೂ ಮೊದಲು ಆನೆಯ ಮುಖ ನೋಡಬೇಡಿ, ಕಾಲು ನೋಡಿ. ಮುಂಗಾಲಿನ ಗೆಣ್ಣಿನ ಮೇಲೆ ಸರಪಳಿ ಸವೆದ ಕಪ್ಪು ಪಟ್ಟಿ ಇದೆಯೆ? ಅಲ್ಲಿ ರೋಮ ಬೆಳೆಯದೆ ಚರ್ಮ ದಪ್ಪಗಟ್ಟಿದೆಯೆ? ಕಿವಿಯ ಹಿಂದೆ ಅಂಕುಶದ ಗಾಯ ಇದೆಯೆ? ನಿಂತಲ್ಲೇ ಒಂದೇ ಸಮನೆ ತಲೆ ತೂಗುತ್ತಿದೆಯೆ? ಜನ ಅದನ್ನು ಕುಣಿತ ಎಂದು ಕ್ಯಾಮೆರಾ ಹಿಡಿಯುತ್ತಾರೆ. ಬಹುಕಾಲ ಕಟ್ಟಿಹಾಕಿದ ಪ್ರಾಣಿಯ ಯಾತನೆ ಅದು.

ನಮ್ಮಲ್ಲಿ ಆನೆ ಮುಟ್ಟಲು ಹೋಗುವ ಜಾಗವೆಂದರೆ ಕುಶಾಲನಗರದ ಹತ್ತಿರ, ಕಾವೇರಿ ದಡದ ದುಬಾರೆ ಆನೆ ಶಿಬಿರ. ಒಂದು ಕಾಲದಲ್ಲಿ ಅಲ್ಲಿಯ ಆನೆಗಳು ಅರಣ್ಯ ಇಲಾಖೆಗೆ ಮರದ ದಿಮ್ಮಿ ಎಳೆಯುತ್ತಿದ್ದವು. ಆ ಕೆಲಸ ನಿಂತ ಮೇಲೆ ಅದು ಪ್ರವಾಸಿಗರ ಜಾಗವಾಯಿತು. ಬೆಳಿಗ್ಗೆ ಆನೆ ಹೊಳೆಯಲ್ಲಿ ಮಗ್ಗುಲಾಗಿ ಮಲಗುತ್ತದೆ. ಮಾವುತ ಬೆನ್ನು, ಕಿವಿಸಂದು, ದವಡೆಯ ಕೆಳಗೆ ಉಜ್ಜುತ್ತಾನೆ. ಸೊಂಡಿಲಿನ ತುದಿಯೊಂದೇ ನೀರಿನ ಮೇಲೆ ಉಸಿರಾಡುತ್ತಿರುತ್ತದೆ. ಆಮೇಲೆ ಹುರುಳಿ, ಬೆಲ್ಲ, ರಾಗಿ ಮುದ್ದೆಯ ಊಟ. ಈ ಸ್ನಾನದಲ್ಲಿ ತಪ್ಪೇನಿಲ್ಲ. ಅದು ಮಾವುತನಿಗೂ ಆನೆಗೂ ನಡುವಿನ ದಿನಚರಿ, ಪರೀಕ್ಷೆಯೂ ಹೌದು. ಗಾಯ, ಊತ, ಉಣ್ಣೆ ಎಲ್ಲ ಆಗಲೇ ಕೈಗೆ ಸಿಗುವುದು. ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಹೆಚ್ಚಿನವರು ಜೇನು ಕುರುಬ ಸಮುದಾಯದವರು. ಆನೆಯ ಮನಸ್ಸನ್ನು ಅವರಷ್ಟು ಬಲ್ಲವರು ನಮ್ಮ ವಿಶ್ವವಿದ್ಯಾಲಯಗಳಲ್ಲೂ ವಿರಳ. ಆದರೆ ಅದೇ ಹೊಳೆಗೆ ಐವತ್ತು ಜನ ಅಪರಿಚಿತರು ಬ್ರಶ್ ಹಿಡಿದು ಇಳಿದಾಗ ಅದು ಸ್ನಾನವಾಗಿ ಉಳಿಯುವುದಿಲ್ಲ. ಅಷ್ಟು ಜನರ ಕೈ ಸಹಿಸಿಕೊಂಡು ಸುಮ್ಮನೆ ಮಲಗಿರಲು ಆನೆಗೆ ಯಾರೋ ಕಲಿಸಿರುತ್ತಾರೆ.

ಆ ಕಲಿಕೆ ಶುರುವಾಗುವುದು ಕ್ರಾಲ್‌ನಲ್ಲಿ. ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಕಟ್ಟಿದ ದೊಡ್ಡಿ ಅದು. ಹಿಡಿದ ಕಾಡಾನೆ ಅಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮೊದಲು ದಿಮ್ಮಿಗಳನ್ನು ಗುದ್ದುತ್ತದೆ, ಆಮೇಲೆ ಸೋಲುತ್ತದೆ, ಕೊನೆಗೆ ಮಾವುತನ ಕೈಯಿಂದ ಕಬ್ಬು ತೆಗೆದುಕೊಳ್ಳುತ್ತದೆ. ಶಿಬಿರಗಳಲ್ಲಿರುವ ಎಷ್ಟೋ ಆನೆಗಳು ಹೀಗೆ ಬಂದವು. ಹಾಸನದ ಆಲೂರು ಭಾಗದಿಂದಲೇ 2014ರಲ್ಲಿ 22 ಆನೆಗಳನ್ನು ಹಿಡಿದರು. ಬೆಳೆ, ಮನೆ, ಪ್ರಾಣ ಕಳೆದುಕೊಂಡ ಅಲ್ಲಿಯ ರೈತರ ಕಷ್ಟವನ್ನು ಬೆಂಗಳೂರಿನಲ್ಲಿ ಕುಳಿತು ಕಡೆಗಣಿಸುವುದು ಅನ್ಯಾಯ. ಹೈಕೋರ್ಟಿನ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆಯೂ ಆ ಜನ ಮತ್ತು ಆನೆ ಇಬ್ಬರ ಪರಿಸ್ಥಿತಿ ನೋಡಿಯೇ 2012ರಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷರಾಗಿದ್ದವರು ನಿಮಗೆ ದೂರದವರಲ್ಲ. ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಆನೆ ವಿಜ್ಞಾನಿ ರಾಮನ್ ಸುಕುಮಾರ್.

ಹಾಗಾದರೆ ಹೀಗೆ ಪಳಗಿದ ಮೇಲೆ ಸಾಕಾನೆಗೆ ಕಾಡು ಬೇಡವಾಗಿರುತ್ತದೆಯೆ? ಇದಕ್ಕೆ ದುಬಾರೆಯ ಕುಶನ ಕಥೆಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಇಲಾಖೆಯ ಶಿಬಿರಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ: ರಾತ್ರಿ ಆನೆಗಳನ್ನು ಕಾಲಿಗೆ ಉದ್ದದ ಸರಪಳಿ ಬಿಟ್ಟು ಕಾಡಿಗೆ ಮೇಯಲು ಕಳಿಸುತ್ತಾರೆ. ಬೆಳಗಾದರೆ ಸರಪಳಿ ಎಳೆದ ಗುರುತು ಹಿಡಿದು ಹೋಗಿ ಕರೆತರುತ್ತಾರೆ. ಕುಶ ಎಂಬ ಗಂಡಾನೆ ಹೀಗೆ ಮೇಯಲು ಹೋಗಿ ಕಾಡಾನೆಗಳ ಹಿಂಡನ್ನು ಸೇರಿತು. ವರ್ಷಕ್ಕೂ ಹೆಚ್ಚು ಕಾಲ ಅವುಗಳ ಜೊತೆಯಲ್ಲೇ ಇದ್ದುಬಿಟ್ಟಿತು. 2021ರಲ್ಲಿ ಮತ್ತೆ ಹಿಡಿದು ತಂದು ಕ್ರಾಲ್‌ನಲ್ಲಿ ಕಾಲುಕಟ್ಟಿ ನಿಲ್ಲಿಸಿದ ಚಿತ್ರಗಳು ಹೊರಬಂದಾಗ ಜನ ಸುಮ್ಮನಿರಲಿಲ್ಲ. ಆಗ ಅರಣ್ಯ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಬಿಡುಗಡೆಗೆ ಸೂಚಿಸಿದರು. ಕೊರಳಿಗೆ ರೇಡಿಯೊ ಕಾಲರ್ ಹಾಕಿ, ಅದೇ ವರ್ಷ ಜೂನ್‌ನಲ್ಲಿ ಬಂಡೀಪುರದ ಕಾಡಿಗೆ ಬಿಟ್ಟರು. ಶಿಬಿರದಲ್ಲಿ ಹೊತ್ತುಹೊತ್ತಿಗೆ ಊಟ, ಔಷಧಿ, ಪ್ರೀತಿಯ ಮಾವುತ ಎಲ್ಲ ಇದ್ದೂ ಆ ಆನೆ ಹಿಂಡನ್ನು ಆರಿಸಿಕೊಂಡಿತ್ತು.

ಥಾಯ್ಲೆಂಡಿನ ಪ್ಯಾಕೇಜ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಬಡಾವಣೆಗಳಿಂದ ಅಲ್ಲಿಗೆ ಹೋಗಿಬರುವವರು ಬಹಳ ಜನ. 1989ರಲ್ಲಿ ಆ ದೇಶ ಕಾಡು ಕಡಿಯುವುದನ್ನು ನಿಷೇಧಿಸಿದ ಮೇಲೆ ಕೆಲಸ ಕಳೆದುಕೊಂಡ ಆನೆಗಳು ಪ್ರವಾಸೋದ್ಯಮಕ್ಕೆ ಬಂದವು. ಸವಾರಿ ಕೆಟ್ಟದ್ದೆಂಬ ಅರಿವು ಹರಡಿದಂತೆ ಅನೇಕ ಕಡೆ ಅಂಬಾರಿ ಇಳಿಸಿ, ಸ್ನಾನವನ್ನು ಮುಂದೆ ತಂದರು. 2025ರ ಜನವರಿಯಲ್ಲಿ ಕೊ ಯಾವೊ ದ್ವೀಪದ ಇಂಥ ಒಂದು ಕೇಂದ್ರದಲ್ಲಿ ಆನೆಗೆ ಸ್ನಾನ ಮಾಡಿಸುತ್ತಿದ್ದ ಸ್ಪೇನಿನ ಯುವತಿ ಅದೇ ಆನೆಯಿಂದ ಸತ್ತಳು. ಅಪಾಯ ಆನೆಗೂ ಇದೆ: ಮನುಷ್ಯರ ಕ್ಷಯರೋಗ ಸಾಕಾನೆಗಳಿಗೆ ಅಂಟುತ್ತದೆ.

ಈಗ ಕಬಿನಿಯ ಮಾತು. ಅಲ್ಲಿಯ ಕಾರಾಪುರದಲ್ಲಿ ಮೈಸೂರು ಅರಸರ ಬೇಟೆ ಬಂಗಲೆಯಿತ್ತು. ರಾಜ್ಯ ಸರ್ಕಾರ 1980ರಲ್ಲಿ ಸ್ಥಾಪಿಸಿದ ಜಂಗಲ್ ಲಾಡ್ಜಸ್ ತನ್ನ ಮೊದಲ ತಂಗುದಾಣವನ್ನು ತೆರೆದದ್ದು ಆ ಆವರಣದಲ್ಲೇ. 1937ರ ‘ಎಲಿಫೆಂಟ್ ಬಾಯ್’ ಚಿತ್ರದ ಬಾಲನಟ ಸಾಬು ಅದೇ ಕಾರಾಪುರದ ಮಾವುತನ ಮಗ. ಹತ್ತಿರದ ಕಾಕನಕೋಟೆಯಲ್ಲಿ ಇಡೀ ಹಿಂಡುಗಳನ್ನು ಹೊಳೆಗೆ ಅಟ್ಟಿ ಹಿಡಿಯುವ ಖೆಡ್ಡಾ 1971ರವರೆಗೆ ನಡೆಯಿತು. 1974ರಲ್ಲಿ ಕಬಿನಿಗೆ ಅಡ್ಡಲಾಗಿ ಬೀಚನಹಳ್ಳಿಯಲ್ಲಿ ಅಣೆಕಟ್ಟು ಮುಗಿದು, ಆ ಕಾಡಿನ ಒಂದು ಭಾಗ ನೀರಿನಡಿ ಹೋಯಿತು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ದಡದಲ್ಲಿ ಹಸಿ ಹುಲ್ಲು ಮೇಲೇಳುತ್ತದೆ. ಸುತ್ತಲ ಕಾಡು ಒಣಗಿರುವಾಗ ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಆ ಹುಲ್ಲಿಗೆ ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಪ್ರಪಂಚದಲ್ಲೇ ಕಡಿಮೆ.

ದೋಣಿ ಇಂಜಿನ್ ನಿಲ್ಲಿಸಿದ ಮೇಲೆ ಹೆಣ್ಣಾನೆಯೊಂದನ್ನು ಕಣ್ಣಿಟ್ಟು ನೋಡಿ. ಮುಂಗಾಲಿನ ಉಗುರಿನಿಂದ ಗಿಡ್ಡ ಹುಲ್ಲನ್ನು ಕೆತ್ತುತ್ತದೆ, ಸೊಂಡಿಲಿನಲ್ಲಿ ಒಟ್ಟುಮಾಡುತ್ತದೆ, ಮೊಣಕಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತದೆ. ಮರಿ ಅದರ ಹೊಟ್ಟೆಯ ಕೆಳಗೆ ನಿಂತು, ಅದರ ಬಾಯೊಳಗೆ ಸೊಂಡಿಲು ಹಾಕಿ ಏನು ತಿನ್ನುತ್ತಿದೆ ಎಂದು ಪರೀಕ್ಷಿಸುತ್ತದೆ. ದೋಣಿ ಹತ್ತಿರವಾಯಿತೆನಿಸಿದರೆ ಮೇಯುವುದು ನಿಲ್ಲುತ್ತದೆ, ಕಿವಿ ಅಗಲವಾಗುತ್ತದೆ, ದೊಡ್ಡವು ಸರಿದು ಮರಿಯನ್ನು ನಡುವೆ ಹಾಕಿಕೊಳ್ಳುತ್ತವೆ. ಅಲ್ಲಿಗೆ ನೀವು ಹಿಂದೆ ಸರಿಯಬೇಕು. ಚಾಲಕ ಇನ್ನೂ ಮುಂದೆ ಹೋಗುತ್ತಿದ್ದರೆ ನೀವೇ ಬೇಡವೆನ್ನಿ. ಪ್ರವಾಸಿಗರು ಒತ್ತಾಯಿಸದಿದ್ದರೆ ಹೆಚ್ಚಿನ ಚಾಲಕರಿಗೂ ಅದೇ ಬೇಕಾಗಿರುತ್ತದೆ.

ರೆಸಾರ್ಟ್ ಆರಿಸುವಾಗ ಕೊಠಡಿಗಿಂತ ಮೊದಲು ಅದು ನಿಂತಿರುವ ನೆಲದ ಬಗ್ಗೆ ವಿಚಾರಿಸಿ. ಬಂಡೀಪುರದ ಗಡಿಯಾಚೆ, ನೀಲಗಿರಿಯ ಸೀಗೂರು ಪ್ರಸ್ಥಭೂಮಿಯಲ್ಲಿ ರೆಸಾರ್ಟ್‌ಗಳು ಆನೆಗಳ ಹಾದಿಯಲ್ಲೇ ಎದ್ದಿದ್ದವು. ಅವನ್ನು ತೆರವು ಮಾಡಬೇಕೆಂಬ ಮದ್ರಾಸ್ ಹೈಕೋರ್ಟಿನ 2011ರ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಆನೆಯನ್ನು ಮುಟ್ಟದೆ, ಹೊಡೆಯದೆ, ಬರೀ ಬೇಲಿ ಹಾಕಿಯೂ ಹಿಂಸಿಸಬಹುದು. ಸುತ್ತ ವಿದ್ಯುತ್ ಬೇಲಿ ಇದೆಯೆ, ರಾತ್ರಿ ಕಾಡಿನತ್ತ ದೀಪ ಹಾಯಿಸುತ್ತಾರೆಯೆ, ಜೋರು ಸಂಗೀತ ಇದೆಯೆ, ಕೆಲಸಕ್ಕೆ ಅಕ್ಕಪಕ್ಕದ ಆದಿವಾಸಿ ಹಾಡಿಯವರು ಎಷ್ಟು ಜನ ಇದ್ದಾರೆ, ಫೋನ್ ಮಾಡಿ ಕೇಳಿ. ಸರಿಯಾಗಿ ನಡೆಸುವವರು ಸಂತೋಷದಿಂದ ಉತ್ತರಿಸುತ್ತಾರೆ.

ನಿಮ್ಮ ಮನೆಯವರಿಗೆ ಸಾಕಾನೆಯನ್ನು ಹತ್ತಿರದಿಂದ ನೋಡಲೇಬೇಕಿದ್ದರೆ ದುಬಾರೆಗೆ ಹೋಗಿ. ನೀರಿಗಿಳಿಯದೆ ದಡದಲ್ಲಿ ನಿಂತು ಮಾವುತರ ಕೆಲಸ ನೋಡಿ, ಅವರೊಡನೆ ಮಾತಾಡಿ. ಆ ಮಾತಿಗೆ ಅರ್ಧ ದಿನ ಇಟ್ಟುಕೊಳ್ಳಿ.

ಕಬಿನಿಗೆ ಮಾರ್ಚ್‌ನಿಂದ ಮೇವರೆಗೆ ಸರಿಯಾದ ಕಾಲ. ಮುಂಗಾರು ಬಂದು ನೀರು ಏರಿದರೆ ಹಿಂಡುಗಳು ಕಾಡಿನೊಳಗೆ ಚದುರುತ್ತವೆ. ಹಣ ಕಟ್ಟುವ ಮುಂಚೆ ಸಫಾರಿ ನಡೆಯುತ್ತಿದೆಯೆ ಎಂದು ಕೇಳಿಕೊಳ್ಳಿ. ಹುಲಿ ದಾಳಿಗೆ ರೈತರು ಬಲಿಯಾದ ನಂತರ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿದ್ದರು. ಅನುಮಾನವಿದ್ದರೆ ಮಲ್ಲೇಶ್ವರ 18ನೇ ಕ್ರಾಸಿನ ಅರಣ್ಯ ಭವನದಲ್ಲಿ ವಿಚಾರಿಸಬಹುದು. ಒಳ್ಳೆಯ ದುರ್ಬೀನು ಒಂದನ್ನು, ಸಾಧ್ಯವಾದರೆ ಇಬ್ಬರಿಗೂ ಒಂದೊಂದು, ಮರೆಯದೆ ತೆಗೆದುಕೊಂಡು ಹೋಗಿ.