ಎರೆಮಣ್ಣಿನ ಮೇಲೆ ಹಾಸುವ ಮುನ್ನ

ಗೊಳಸಂಗಿ ಕಡೆ ಮನೆ ಮುಂದೆ ಕಾರಿಗೆಂದು ನೆಲ ಹಾಸುವವರು ಮೊದಲು ನೋಡಬೇಕಾದ್ದು ಡಿಸೈನ್ ಅಲ್ಲ, ಮಣ್ಣು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅಚ್ಚೊತ್ತಿದ ಕಾಂಕ್ರೀಟು ಹೊಸದರಲ್ಲಿ ಚೆಂದವೇ. ಆದರೆ ಕೆಳಗಿನ ನೆಲ ಅಲುಗಿದರೆ ಸೀಳುತ್ತದೆ, ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ. ಇಂಟರ್‌ಲಾಕ್ ಪೇವರ್ ಕುಸಿದರೆ ಅಷ್ಟೇ ಜಾಗ ಕಿತ್ತು, ಮರಳು ಸಮ ಮಾಡಿ, ಅವನ್ನೇ ಮತ್ತೆ ಕೂಡಿಸಬಹುದು. ನಾಳೆ ನಳದ ಪೈಪು ಹಾಕಬೇಕಾದರೂ ಅಷ್ಟೇ. ನನ್ನ ಮತ ಪೇವರಿಗೇ. ಎರೆಯನ್ನು ಒಂದೆರಡು ಅಡಿ ತೆಗೆಸಿ, ಗರಸು ತುಂಬಿ, ನೀರು ಹೊಡೆದು ಗಟ್ಟಿಯಾಗಿ ದಮ್ಮಸು ಮಾಡಿಸಿ. ಕಾರಿಗೆ 60 ಮಿ.ಮೀ. ದಪ್ಪದ ಪೇವರ್ ಸಾಕು, ಕಬ್ಬಿನ ಟ್ರ್ಯಾಕ್ಟರ್ ಒಳಗೆ ಬರುವುದಿದ್ದರೆ 80 ಬೇಕು. ಅಂಚಿಗೆ ಕಾಂಕ್ರೀಟಿನ ಕಟ್ಟು ಹಾಕದ ಗೌಂಡಿಗೆ ಪೂರ್ತಿ ಹಣ ಕೊಡಬೇಡಿ.