ಮಾತ್ರೆ ನುಂಗುವ ಮುಂಚೆ ಒಂದು ಮಾತು

ಮಂಡಿ ನೋವು ಅಂತ ಮೆಡಿಕಲ್ ಶಾಪಿಗೆ ಹೋಗಿ, ಹಳೇ ಸ್ಟ್ರಿಪ್ ತೋರಿಸಿ ಇನ್ನೊಂದು ತರುವ ಅಭ್ಯಾಸ ಇದೆಯಲ್ಲ, ಅದನ್ನು ಮೊದಲು ಬಿಡಿ. ಡಾಕ್ಟರು ಐದು ದಿನಕ್ಕೆ ಬರೆದ ಚೀಟಿಯನ್ನು ಐದು ವರ್ಷ ಓಡಿಸುವವರು ನೀವೇ ತಾನೇ? ಆ ಮಾತ್ರೆ ಮಂಡಿಗಷ್ಟೇ ಹೋಗಿ ಕೂರುವುದಿಲ್ಲ.

ನೋವು, ಊತ ತರುವ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ವಸ್ತು ಮೈಯಲ್ಲಿ ತಯಾರಾಗುವುದನ್ನೇ ಆಸ್ಪಿರಿನ್‌ನಂಥ ಔಷಧಗಳು ತಡೆಯುತ್ತವೆ ಎಂದು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಸಂಕಟ ಏನೆಂದರೆ, ಕಿಡ್ನಿಗೆ ರಕ್ತ ಒಯ್ಯುವ ಸಣ್ಣ ನಾಳಗಳನ್ನು ಕಷ್ಟಕಾಲದಲ್ಲಿ ಅಗಲವಾಗಿ ಇಡುವುದೂ ಅದೇ ವಸ್ತು. ವಾಂತಿ-ಭೇದಿಯಾಗಿ, ಬಿಸಿಲಲ್ಲಿ ಬೆವರಿ ಮೈಯ ನೀರು ಆರಿದಾಗ ಕಿಡ್ನಿ ಅದನ್ನೇ ನಂಬಿಕೊಂಡಿರುತ್ತದೆ. ಆಗಲೇ ನೀವು ಡೈಕ್ಲೊಫೆನಾಕೋ ಐಬುಪ್ರೊಫೆನ್ನೋ ನುಂಗಿದರೆ ನಾಳ ಕಿರಿದಾಗಿ, ರಕ್ತ ಸಾಲದೆ, ಸೋಸುವ ಕೆಲಸ ಕುಂಟುತ್ತದೆ. ಜೊತೆಗೆ ಕೆಲವು ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆಯೂ ಇದ್ದರೆ ಗಾಯದ ಮೇಲೆ ಬರೆ. ಹಾಗಂತ ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಿ ಕೂರಬೇಡಿ, ಅದು ಇನ್ನೊಂದು ಪೆದ್ದುತನ. ಭೇದಿ ಹತ್ತಿದ ದಿನ ಡಾಕ್ಟರಿಗೆ ಫೋನು ಮಾಡಿ ಕೇಳಿ.

ಕೆಲವರಿಗೆ ನೋವಿನ ಮಾತ್ರೆಯೋ, ಆ್ಯಂಟಿಬಯೋಟಿಕ್ಕೋ, ಗ್ಯಾಸ್ಟ್ರಿಕ್ ಮಾತ್ರೆಯೋ ಒಗ್ಗದೆ, ಮೈ ಕಾಯುವ ಬಿಳಿ ರಕ್ತಕಣಗಳೇ ಕಿಡ್ನಿಯೊಳಗೆ ನುಗ್ಗಿ ಉರಿಯೂತ ಎಬ್ಬಿಸುತ್ತವೆ. ಬೇಗ ಗೊತ್ತಾಗಿ ಆ ಔಷಧ ನಿಲ್ಲಿಸಿದರೆ ಬಹಳ ಸಲ ಚೇತರಿಕೆ ಇದೆ.

"ನಾವು ಇಂಗ್ಲಿಷ್ ಔಷಧಿ ಮುಟ್ಟುವುದೇ ಇಲ್ಲ" ಎನ್ನುವವರೇ, ನೀವೂ ಕೇಳಿ. ಕೊಲೆಸ್ಟ್ರಾಲ್ ಇಳಿಯಲಿ ಎಂದು ಬಿಂಬುಳಿಯ ಗಟ್ಟಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ವರದಿ ಕೇರಳದಿಂದ ಬಂದಿದೆ. ರಸದಲ್ಲಿದ್ದ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿಯ ನಳಿಕೆಗಳಲ್ಲಿ ಕೂತಿತ್ತು. ಮೀನುಸಾರಿಗೆ ನಾಲ್ಕು ಬಿಂಬುಳಿ ಹಾಕಿ, ಯಾರು ಬೇಡ ಅಂದರು? ಲೋಟಗಟ್ಟಲೆ ಕುಡಿಯಬೇಡಿ. ಅತಿಯಾದರೆ ಅಮೃತವೂ ವಿಷ.

ಇಷ್ಟೆಲ್ಲ ಆದರೂ ಕಿಡ್ನಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರಿತು ಎಂದು ತಿಳಿಯುವ ಹೊತ್ತಿಗೆ ಅದರ ಶಕ್ತಿ ಅರ್ಧದಷ್ಟು ಹೋಗಿರಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಸಕ್ಕರೆ ಕಾಯಿಲೆ, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಆಲ್ಬುಮಿನ್ ಎಷ್ಟಿದೆ ಎಂದು ನೋಡಿಸಿ. ಅದು ಮೊದಲೇ ಸುಳಿವು ಕೊಡುತ್ತದೆ. ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್ಪು, ಪುಡಿ, ಲೇಹ್ಯದ ಡಬ್ಬಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಬೈದರೆ ಬೈಸಿಕೊಳ್ಳಿ.